ಮಳೆಗಾಲ ಅಲ್ವಾ ಮಗ

ಮಂಗಳವಾರ ಬೆಳಿಗ್ಗೆ ಡೇರಿಯಲ್ಲಿ ನನ್ನ ಹಾಲಿನ ಫ್ಯಾಟು 2.9 ಬಂತು. ಇವತ್ತು ಶನಿವಾರ. ಮನಸ್ಸು ಇನ್ನೂ ಆ ಸಾಲಿನಲ್ಲೇ ಕ್ಯಾನು ಹಿಡಿದು ನಿಂತಿದೆ.

ಹಸು ಕಟ್ಟದವರಿಗೆ ಇದೂ ಒಂದು ವಿಷಯವಾ ಅನ್ನಿಸಬಹುದು. ಡೇರಿಗೆ ಹಾಕುವ ಹಸುವಿನ ಹಾಲಿನಲ್ಲಿ ನೂರಕ್ಕೆ 3.5 ಫ್ಯಾಟು, 8.5 ಎಸ್‌ಎನ್‌ಎಫ್, ಅಂದರೆ ಬೆಣ್ಣೆ ಅಂಶ ಬಿಟ್ಟು ಉಳಿದ ಗಟ್ಟಿ ಅಂಶ, ಇರಬೇಕು ಅನ್ನುವುದು ನಮ್ಮ ಕಡೆಯ ಲೆಕ್ಕ. ಮೇಲೆ ಹೋದರೆ ಲೀಟರಿಗೆ ಒಂದಷ್ಟು ಪೈಸೆ ಜಾಸ್ತಿ, ಕೆಳಗಿಳಿದರೆ ಕಡಿಮೆ. ದುಡ್ಡಿನ ವಿಷಯ ಇಷ್ಟೇ. ಆದರೆ ನಮ್ಮ ಮನೆ ಹಾಲು ವರ್ಷಪೂರ್ತಿ 3.8, 3.9ರಲ್ಲೇ ಇರುತ್ತದೆ. ಅವ್ವನಿಗೆ ಅದು ಮಗ ಎಸ್‌ಎಸ್‌ಎಲ್‌ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಷ್ಟು ಹೆಮ್ಮೆ. ಮಗ ಬಂದಿರಲಿಲ್ಲ, ಅದು ಬೇರೆ ಮಾತು.

ಆವತ್ತು ಅವ್ವ ಮನೆಯಲ್ಲಿರಲಿಲ್ಲ. ದೊಡ್ಡವ್ವನಿಗೆ ಹುಷಾರಿಲ್ಲ ಅಂತ ನೋಡಲು ಹೋಗಿದ್ದಳು. ಹಾಲು ಕರೆದವನು ನಾನು.

ಡೇರಿಯಲ್ಲಿ ನನ್ನ ಮುಂದೆ ನಾಲ್ಕು ಜನ, ಹಿಂದೆ ಏಳೆಂಟು ಜನ. ಜಿಟಿಜಿಟಿ ಮಳೆ. ಎಲ್ಲರೂ ಶೀಟಿನ ಕೆಳಗೆ ಒತ್ತಿಕೊಂಡು ನಿಂತಿದ್ದರು. ಟೆಸ್ಟರು ನನ್ನ ಹಾಲಿನ ಸ್ಯಾಂಪಲ್ ತೆಗೆದು ಮೆಷಿನ್ನಿಗೆ ಇಟ್ಟ. ಕೆಂಪು ಅಂಕಿ ಹತ್ತಿಕೊಂಡಿತು. ನಮ್ಮ ಸೆಕ್ರೆಟ್ರಿಗೆ ಒಂದು ಚಾಳಿ ಇದೆ, ಅಂಕಿ ಚೆನ್ನಾಗಿದ್ದರೆ ಮನಸ್ಸಲ್ಲಿ ಓದುತ್ತಾರೆ, ಇಲ್ಲದಿದ್ದರೆ ಜೋರಾಗಿ ಓದುತ್ತಾರೆ.

"ಎರಡು ಒಂಬತ್ತಾ? ಇದೇನಪ್ಪ ನಿಮ್ಮನೇದು ಹಿಂಗೆ ಬಂತು!"

ಯಾರೂ ಮಾತಾಡಲಿಲ್ಲ. ಶೀಟಿನ ಮೇಲೆ ಮಳೆ ಬೀಳುವ ಸದ್ದೊಂದೇ. ಆಗ ನನ್ನ ಹಿಂದೆ ನಿಂತಿದ್ದ ಅಜ್ಜಿ, ನಮ್ಮ ಬೀದಿಯ ಕೊನೇ ಮನೆಯವರು, ಸೆರಗಿನಲ್ಲಿ ತಲೆ ಒರೆಸಿಕೊಳ್ಳುತ್ತಾ ಬಹಳ ಪ್ರೀತಿಯಿಂದ ಹೇಳಿದರು.

"ಮಳೆಗಾಲ ಅಲ್ವಾ ಮಗ, ನೀರು ಎಲ್ಲಾ ಕಡೆ ನುಗ್ತದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ಯೋಚನೆ ಮಾಡಿದರೆ ಅದೇ ದೊಡ್ಡ ತಪ್ಪು. ನಕ್ಕಿದ್ದನ್ನು ಅವರು ಒಪ್ಪಿಕೊಂಡ ಹಾಗೆ ಎಣಿಸಿದರು.

ಆ ಮಾತನ್ನು ನಾನು ಈ ನಾಲ್ಕು ದಿನದಲ್ಲಿ ನೂರು ಸಲ ಕೇಳಿಸಿಕೊಂಡಿದ್ದೇನೆ. ಕೊಟ್ಟಿಗೆ ಬಾಚುವಾಗ, ಸ್ನಾನ ಮಾಡುವಾಗ, ರಾತ್ರಿ ಲೈಟು ಆರಿಸಿದ ಮೇಲೆ. ಅದರಲ್ಲಿ ಬೈಗುಳ ಇಲ್ಲ. "ನೀನು ನೀರು ಬೆರೆಸಿದ್ದೀಯ" ಅಂತ ಅಜ್ಜಿ ಎಲ್ಲೂ ಹೇಳಿಲ್ಲ. ಪಂಚಾಯ್ತಿಗೆ ಕರೆದರೂ "ನಾನು ಮಳೆ ವಿಷಯ ಮಾತಾಡ್ದೆ ಕಣಪ್ಪ" ಅನ್ನಬಹುದು. ಇಂಥ ಮಾತು ಕಟ್ಟಲು ನಮ್ಮಂಥ ಓದಿದವರಿಗೆ ಒಂದು ದಿನ ಬೇಕು. ಅವರಿಗೆ ತಲೆ ಒರೆಸಿಕೊಳ್ಳುವಷ್ಟು ಹೊತ್ತು ಸಾಕಾಯಿತು.

ಚೀಟಿ ಹರಿದು ಕೊಟ್ಟರು. ಅದು ಕೈಜಾರಿ ಕೆಸರಿಗೆ ಬಿತ್ತು. ಬಗ್ಗಿ ಎತ್ತಿಕೊಟ್ಟವನು ಮೋಟಾರು.

ಮೋಟಾರು ಅಂದರೆ ಮನುಷ್ಯನೇ. ಹೆಸರು ಬೇರೆ ಇದೆ, ಕರೆಯುವವರು ಯಾರೂ ಇಲ್ಲ. ಆವತ್ತು ನಗದೇ ಇದ್ದವನು ಅವನೊಬ್ಬನೇ. ಚೀಟಿಗೆ ಹತ್ತಿದ್ದ ಕೆಸರನ್ನು ಪಂಚೆಗೆ ಒರೆಸಿ, ನನ್ನ ಅಂಗಿ ಜೇಬಿಗೆ ಅವನೇ ತುರುಕಿ, "ಎತ್ತಿಟ್ಕೋ, ಬೇಕಾಯ್ತದೆ" ಅಂದ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಡೇರಿ ಮುಗಿದದ್ದು ಏಳೂವರೆಗೆ. ಎಂಟು ಗಂಟೆಗೆ ನಾನು ಕಾಫಿ ಪುಡಿ ತರಲು ಹೋದಾಗ ಅಂಗಡಿಯವನು "ಹಾಲಿಗೆ ಬೇಕಾ, ನೀರಿಗೆ ಬೇಕಾ?" ಅಂದ. ಹನ್ನೊಂದಕ್ಕೆ ಅವ್ವನ ಫೋನು, ಹದಿನೆಂಟು ಕಿಲೋಮೀಟರ್ ದೂರದ ದೊಡ್ಡವ್ವನ ಊರಿಂದ.

"ಏನೋ, ಹಾಲಿಗೆ ನೀರು ಬೆರೆಸಿ ಡೇರಿಲಿ ಸಿಕ್ಕಾಕೊಂಡ್ಯಂತೆ?"

"ಯಾರವ್ವ ಹೇಳಿದ್ದು?"

"ಯಾರಾದ್ರೆ ನಿಂಗೇನು, ಬಸ್ಸಲ್ಲಿ ಬಂದೋರು. ನಿಜ ಹೇಳು, ಕಡೇ ಹಾಲು ಕರೆದ್ಯಾ ಇಲ್ವಾ?"

2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತ ಆದ ಮೇಲೆ ನಮ್ಮೂರಿನ ಸುದ್ದಿಗೂ ಝೀರೋ ಟಿಕೆಟ್ ಸಿಕ್ಕಿದೆ ಅಂತ ಅಂಗಡಿ ಜಗುಲಿಯ ಗಂಡಸರು ಆಗಾಗ ನಗಾಡುತ್ತಾರೆ. ನಾನೂ ನಗುತ್ತಿದ್ದೆ. ಆದರೆ ಈ ಸಲ ದಾರಿ ಹಿಡಿದು ವಿಚಾರಿಸಿದೆ. ಡೇರಿಯಿಂದ ಅಂಗಡಿಗೆ ತಂದವನು ನೀರು ಬಿಡುವ ವಾಟರ್‌ಮ್ಯಾನ್. ಅಂಗಡಿಯಿಂದ ಬಸ್‌ಸ್ಟಾಪಿಗೆ ಒಯ್ದವರು ರಿಟೈರ್ ಆದ ಮೇಷ್ಟ್ರು. ಅಲ್ಲಿಂದ ಮುಂದೆ ಮಾತ್ರ ಹೆಂಗಸರು. "ಫ್ಯಾಟು ಕಡಿಮೆ ಬಂತು" ಅನ್ನುವುದು "ನೀರು ಬೆರೆಸಿದ್ದ" ಅಂತ ಆದದ್ದು ಅಂಗಡಿಯಲ್ಲಿ, "ಸಿಕ್ಕಿಬಿದ್ದ" ಅಂತ ಆದದ್ದು ಮೇಷ್ಟ್ರ ಬಾಯಲ್ಲಿ. ನಲವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂದವರು. ಈಗ ಪಾಪ, ಹೊತ್ತು ಹೋಗಲ್ಲ.

ಅವ್ವನ ಪ್ರಶ್ನೆಗೆ ಉತ್ತರ, ಇಲ್ಲ. ಕಡೇ ಹಾಲು ಕರೆದಿರಲಿಲ್ಲ. ಕೈ ನೋವು ಬಂತು, ಮಳೆ ಜೋರಾಗುತ್ತಿತ್ತು, ಇಷ್ಟು ಸಾಕು ಅಂತ ಕರು ಬಿಟ್ಟುಬಿಟ್ಟೆ. ಕೆಚ್ಚಲಿನಿಂದ ಮೊದಲು ಬರುವ ಹಾಲು ತೆಳು, ಬೆಣ್ಣೆ ಅಂಶ ಜಾಸ್ತಿ ಇರುವುದು ಕೊನೆಗೆ ಬರುವ ಹಾಲಲ್ಲಿ. ಅದನ್ನು ಪೂರ್ತಿ ಇಳಿಸಿಕೊಳ್ಳದೆ ಎದ್ದರೆ ಎಂಥ ಹಸುವಿನ ಫ್ಯಾಟೂ ಬೀಳುತ್ತದೆ. ಊರೆಲ್ಲ ನನ್ನ ಹಾಲಿನ ವಿಷಯ ಮಾತಾಡುತ್ತಿದ್ದಾಗ ಅದರ ಬೆಣ್ಣೆ ಬಾಯಿಗೆಲ್ಲ ನೊರೆ ಮೆತ್ತಿಕೊಂಡು ಕೊಟ್ಟಿಗೆಯಲ್ಲಿ ನೆಗೆದಾಡುತ್ತಿತ್ತು.

ಇನ್ನೊಂದು ಇದೆ. ನೀರು ಬೆರೆಸಿದರೆ ಫ್ಯಾಟು ಒಂದೇ ಬೀಳುವುದಿಲ್ಲ, ಎಸ್‌ಎನ್‌ಎಫ್ ಕೂಡ ಬೀಳುತ್ತದೆ. ಮೋಟಾರು ಜೇಬಿಗೆ ತುರುಕಿದ ಚೀಟಿಯಲ್ಲಿ ನನ್ನ ಎಸ್‌ಎನ್‌ಎಫ್ 8.6 ಅಂತ ಅಚ್ಚಾಗಿದೆ. ಡೇರಿಯಲ್ಲಿ ನಿಂತಿದ್ದ ಎಲ್ಲರಿಗೂ ಈ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು. ಸೆಕ್ರೆಟ್ರಿಗೆ ಗೊತ್ತು, ಟೆಸ್ಟರಿಗೆ ಗೊತ್ತು, ಅಜ್ಜಿಗಂತೂ ಗೊತ್ತೇ ಗೊತ್ತು. ಆದರೂ ಎರಡನೇ ಅಂಕಿಯನ್ನು ಯಾರೂ ಜೋರಾಗಿ ಓದಲಿಲ್ಲ.

ಅಪ್ಪ ಹೇಳುತ್ತಿದ್ದರು, ಮೊದಲು ಹೀಗಿರಲಿಲ್ಲ ಅಂತ. ಡೇರಿ ಬರುವ ಮುಂಚೆ ಪೇಟೆ ಮನೆಗಳಿಗೆ ವರ್ತನೆ ಹಾಲು ಹಾಕುತ್ತಿದ್ದರು. ಆಗ ನೀರು ಬೆರೆಸುವುದು ಕೊಡುವವರಿಗೂ ಕೊಳ್ಳುವವರಿಗೂ ಗೊತ್ತಿದ್ದ ಗುಟ್ಟು. ಡೇರಿ ಬಂದ ಮೇಲೂ ಸ್ಯಾಂಪಲ್ಲನ್ನು ಸಣ್ಣ ಬಾಟಲಿಯಲ್ಲಿ ಎತ್ತಿಟ್ಟು, ಆಮೇಲೆ ಗಾಜಿನ ಕೊಳವೆಯಲ್ಲಿ ಆಸಿಡ್ ಬೆರೆಸಿ, ಗಿರಗಿರ ತಿರುಗಿಸಿ ಫ್ಯಾಟು ನೋಡುತ್ತಿದ್ದರು. ಅಷ್ಟೊತ್ತಿಗೆ ಜನ ಮನೆ ಸೇರಿರುತ್ತಿದ್ದರು. ಅಂಕಿ ಪುಸ್ತಕದಲ್ಲಿ ಬರೆದು ಬರುತ್ತಿತ್ತು, ನಾವು ಮಾತ್ರ ನೋಡುತ್ತಿದ್ದೆವು. ಈಗ ಮೆಷಿನ್ನು ಒಂದು ನಿಮಿಷದೊಳಗೆ ಹೇಳುತ್ತದೆ, ಎಲ್ಲರೆದುರಿಗೂ ಹೇಳುತ್ತದೆ. ಮೋಸ ಕಡಿಮೆ ಆಗಲಿ ಅಂತ ತಂದದ್ದು. ಕಡಿಮೆಯೂ ಆಗಿದೆ. ಮರ್ಯಾದೆ ಕೂಡ ಜೊತೆಗೇ ತೂಕಕ್ಕೆ ಬಿತ್ತು ಅಷ್ಟೇ.

ಅದೇ ವಾರ ಊರಲ್ಲಿ ಬೇರೆ ಸುದ್ದಿಗಳಿಗೇನೂ ಬರ ಇರಲಿಲ್ಲ. ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟು ಮೂರು ದಿನ ಪಂಪ್‌ಸೆಟ್ಟು ಓಡಲಿಲ್ಲ. ಕೆರೆ ಏರಿ ಮೇಲೆ ಚಿರತೆ ಹೆಜ್ಜೆ ಕಂಡಿತು. ಎರಡು ರಾತ್ರಿ ಯಾರೂ ಹೊಲಕ್ಕೆ ಹೋಗಲಿಲ್ಲ. ಅರಣ್ಯ ಇಲಾಖೆಯವರು ಬಂದು ಕೂತು ನೋಡಿ, ಇದು ನಾಯಿದು, ಉಗುರಿನ ಗುರುತು ಬಿದ್ದಿದೆ ನೋಡಿ, ಚಿರತೆ ಉಗುರು ಒಳಗೆ ಎಳೆದುಕೊಂಡು ನಡೆಯುತ್ತೆ ಅಂದರು. ಅಲ್ಲಿದ್ದವರ ಮುಖ ನೋಡಬೇಕಿತ್ತು, ಕೈಗೆ ಬಂದ ಚಿರತೆ ನಾಯಿ ಆಗಿಬಿಟ್ಟಿತ್ತು. ಚಿರತೆ ಬಂದ ಸುದ್ದಿ ಒಂದು ಗಂಟೆಯಲ್ಲಿ ಐದು ಊರು ಮುಟ್ಟಿತ್ತು. ನಾಯಿ ಸುದ್ದಿ ಏರಿ ಇಳಿದು ಊರೊಳಕ್ಕೇ ಬರಲಿಲ್ಲ. ದೊಡ್ಡವ್ವ ನಿನ್ನೆಯೂ ಫೋನಲ್ಲಿ "ಚಿರತೆ ಹುಷಾರು ಕಣಪ್ಪ" ಅಂದಳು.

ನನ್ನ 8.6 ಕೂಡ ಆ ನಾಯಿಯೇ.

ಈಗ ಮೋಟಾರು ವಿಷಯ. ಬರೆಯಲು ಇಷ್ಟು ಹೊತ್ತು ತಳ್ಳಿಕೊಂಡು ಬಂದೆ.

ಮೂರು ವರ್ಷದ ಹಿಂದೆ ಒಂದು ಸಂಜೆ ಅವನು ತನ್ನ ಬೋರಿನ ಮೋಟಾರನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಪೇಟೆಗೆ ಹೋಗುವುದನ್ನು ನಾನು ನೋಡಿದೆ. ಅದರ ಹಿಂದಿನ ವಾರ ಅವನು ಇಸ್ಪೀಟಿನಲ್ಲಿ ಸೋತಿದ್ದ ಅನ್ನುವ ಮಾತಿತ್ತು. ನಾನು ಎರಡೂ ಸೇರಿಸಿದೆ. "ಮೋಟಾರು ಮಾರೋಕೆ ಹೋದ ಅಂತ ಕಾಣುತ್ತೆ" ಅಂತ ಅಂಗಡಿ ಜಗುಲಿಯಲ್ಲಿ ಸುಮ್ನೆ ಒಂದು ಮಾತು ಬಿಟ್ಟೆ. ಕಾಣುತ್ತೆ ಅಂತಲೇ ಹೇಳಿದ್ದು. ಆ ಪದ ಜಗುಲಿ ಇಳಿಯುವಷ್ಟರಲ್ಲಿ ಉದುರಿಹೋಯಿತು. ವೋಲ್ಟೇಜ್ ಇಲ್ಲದೆ ಮೋಟಾರು ಸುಟ್ಟಿತ್ತು, ವೈಂಡಿಂಗಿಗೆ ಒಯ್ದಿದ್ದ. ನಾಲ್ಕು ದಿನಕ್ಕೆ ವಾಪಸ್ ತಂದು ಬೋರಿಗೆ ಇಳಿಸಿದ. ಎಲ್ಲರೂ ನೋಡಿದರು. ಹೆಸರು ಮಾತ್ರ ಹಾಗೇ ಉಳಿಯಿತು. ಆಮೇಲೆ ಅವನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಬಸ್‌ಸ್ಟಾಪಿನಲ್ಲಿ ಮನೆ ವಿಳಾಸ ಕೇಳಿದರೆ, "ಮೋಟಾರು ಮನೇನಾ?" ಅಂತ ನಮ್ಮೂರ ಹುಡುಗರು ದಾರಿ ತೋರಿಸಿದ್ದರು. ಆ ಸಂಬಂಧ ಕೂಡಲಿಲ್ಲ. ಅದಕ್ಕೆ ಇದೇ ಕಾರಣ ಅಂತ ನಾನು ಹೇಳಲಾರೆ. ಅಲ್ಲ ಅಂತಲೂ ಹೇಳಲಾರೆ.

ಆ ಮಾತು ಹುಟ್ಟಿದ್ದು ನನ್ನ ಬಾಯಲ್ಲಿ ಅಂತ ಅವನಿಗೆ ಗೊತ್ತಾ? "ಎತ್ತಿಟ್ಕೋ, ಬೇಕಾಯ್ತದೆ" ಅಂದಾಗ ಅವನ ಮುಖದಲ್ಲಿ ಏನಿತ್ತು ಅಂತ ಎಷ್ಟು ನೆನಪಿಸಿಕೊಂಡರೂ ಸಿಗುತ್ತಿಲ್ಲ. ಕೆಸರು ಒರೆಸುತ್ತಿದ್ದ ಹೆಬ್ಬೆರಳು ಮಾತ್ರ ಕಾಣುತ್ತದೆ. ಅಂಕಿ ಅಳಿಸಿಹೋಗದ ಹಾಗೆ ಮೆಲ್ಲಗೆ, ಅಂಚಿನಿಂದ ಒರೆಸಿದ. ಅವನ ಹತ್ತಿರವೂ ವೈಂಡಿಂಗ್ ಅಂಗಡಿಯ ಬಿಲ್ಲು ಇದ್ದಿರಬೇಕು. ಯಾರಿಗೆ ತೋರಿಸುತ್ತಾನೆ?

ಹೋಗಿ ತಪ್ಪಾಯ್ತು ಅಂದುಬಿಡೋಣ ಅಂತ ಬುಧವಾರ ಅವನ ಮನೆ ತನಕ ಹೋದೆ. ಜಗುಲಿಯಲ್ಲಿ ಮೂರು ಜನ ಕೂತಿದ್ದರು. ನಾನು ತಪ್ಪು ಕೇಳಿದರೆ ಅದೂ ಸುದ್ದಿಯೇ, ಮರೆತವರಿಗೂ ಮೋಟಾರು ಮತ್ತೆ ನೆನಪಾಗುತ್ತದೆ. ಕುಡುಗೋಲು ಕೇಳಿ ಇಸ್ಕೊಂಡು ಬಂದೆ. ನಮ್ಮ ಮನೆಯಲ್ಲಿ ಎರಡು ಕುಡುಗೋಲಿವೆ.

ಅವ್ವ ಗುರುವಾರ ಸಂಜೆ ಬಂದಳು. ಬಂದವಳೇ ಕೈಕಾಲು ಕೂಡ ತೊಳೆಯದೆ ಕೊಟ್ಟಿಗೆಗೆ ಹೋಗಿ ಹಸುವಿನ ಮೈ ಸವರಿದಳು. ಗೋದಲಿ ನೋಡಿದಳು. ಬರೀ ಹಸಿ ಹುಲ್ಲು ಹಾಕಿದ್ದೆ, ಮಳೆಗೆ ಬದುವಿನಲ್ಲಿ ಚೆನ್ನಾಗಿ ಬೆಳೆದಿತ್ತು, ಕೊಯ್ಯುವುದೂ ಸುಲಭ. "ಮಳೆಗಾಲದ ಹುಲ್ಲಲ್ಲಿ ಬರೀ ನೀರೇ ಕಣೋ, ರಾಗಿ ಹುಲ್ಲು ಸೇರಿಸದೆ ಹಾಕಿದ್ರೆ ಫ್ಯಾಟು ಎಲ್ಲಿಂದ ಬರ್ತದೆ?" ಅಂತ ಬೈದಳು.

ನಾನು ಅಲ್ಲೇ ನಿಂತುಬಿಟ್ಟೆ. ಮಳೆಗಾಲ ಅಲ್ವಾ ಮಗ, ನೀರು ಎಲ್ಲಾ ಕಡೆ ನುಗ್ತದೆ. ಹಾಗಾದರೆ ಅಜ್ಜಿ ಹುಲ್ಲಿನ ವಿಷಯ ಹೇಳಿದ್ದಾ? ಐವತ್ತು ವರ್ಷ ಹಸು ಕಟ್ಟಿದವರು. ಇಲ್ಲ, ಸೆರಗಿನ ಮರೆಯಲ್ಲಿ ನಕ್ಕಿದ್ದನ್ನು ನಾನೇ ನೋಡಿದ್ದೇನೆ. ಅಥವಾ ತಲೆ ಒರೆಸಿಕೊಳ್ಳುತ್ತಿದ್ದರಾ?

ಶುಕ್ರವಾರ ಬೆಳಿಗ್ಗೆ ಅವ್ವ ಕರೆದ ಹಾಲನ್ನು ನಾನೇ ಒಯ್ದೆ. ಮೆಷಿನ್ನು 3.9 ತೋರಿಸಿತು. ಸೆಕ್ರೆಟ್ರಿ ಮನಸ್ಸಿನಲ್ಲೇ ಓದಿಕೊಂಡು ಚೀಟಿ ಕೊಟ್ಟರು. ಮೂರು ಒಂಬತ್ತು ಅಂತ ನಾನೇ ಒಂಚೂರು ಜೋರಾಗಿ ಅಂದೆ. ಯಾರೂ ತಿರುಗಲಿಲ್ಲ. ಎಲ್ಲರೂ ಟಿಸಿ ಯಾವಾಗ ಬರುತ್ತೆ ಅನ್ನುವ ಮಾತಿನಲ್ಲಿದ್ದರು. ಕ್ಯಾನು ಎತ್ತಿಕೊಂಡು ಹೊರಡುವಾಗ ಹಿಂದಿನಿಂದ ಅಜ್ಜಿಯ ದನಿ.

"ಅವ್ವ ಬಂದ್ಲಾ ಮಗ?"