‘ಅವರಿಗೆ ಏನು ಸಿಕ್ತು?’

ಫಿನ್‌ಲೆಂಡಿನ ಪುರಾತತ್ವಜ್ಞೆ ಎಲ್ಲಾ ಕಿವಿಕೋಸ್ಕಿ ಬಗ್ಗೆ ಮಾತೆತ್ತಿದಾಗಲೆಲ್ಲ ಎದುರಿನವರು ಕೇಳುವುದು ಒಂದೇ: ‘ಅವರಿಗೆ ಏನು ಸಿಕ್ತು?’ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹೋದ ವರ್ಷ ನೆಂಟರ ಮನೆ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ದೊಡ್ಡಪ್ಪ, ‘ಎಲ್ಲಾ ಅಂದ್ರೆ ಎಷ್ಟು ಜನಮ್ಮ?’ ಅಂದರು. ‘ಒಬ್ಬರೇ ದೊಡ್ಡಪ್ಪ, ಎಲ್ಲಾ ಅನ್ನೋದೇ ಅವರ ಹೆಸರು. ಕಿವಿ ಅಂದ್ರೆ ಅವರ ಭಾಷೇಲಿ ಕಲ್ಲು’ ಅಂದೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು, ನಾನೂ ನಕ್ಕೆ. ಆಮೇಲೆ ಬಂತು: ‘ಸರಿ, ಆ ಯಮ್ಮಂಗೆ ಏನು ಸಿಕ್ತು? ನಿಧಿ ಗಿಧಿ?’

ಹೋಳಿಗೆ ಗಂಟಲಲ್ಲೇ ನಿಂತಿತು. ನಿಧಿ ಹುಡುಕುವವರಿಗೆ ನಮ್ಮಲ್ಲಿ ನಿಧಿಗಳ್ಳರು ಅನ್ನುತ್ತಾರೆ. ಪುರಾತತ್ವದವರನ್ನು ಆ ಸಾಲಿನಲ್ಲಿ ಕೂರಿಸಬೇಡಿ.

ಕಿವಿಕೋಸ್ಕಿ ಹುಟ್ಟಿದ್ದು 1901ರಲ್ಲಿ, ತಮ್ಮೆಲಾದಲ್ಲಿ. ತುರ್ಕು ಪಟ್ಟಣದ ಔರಾ ನದಿ ಬಯಲಿನ ಕಬ್ಬಿಣ ಯುಗದ ಬಗ್ಗೆ ಬರೆದು 1939ರಲ್ಲಿ ಡಾಕ್ಟರೇಟ್ ಪಡೆದರು. ಪುರಾತತ್ವದಲ್ಲಿ ಅದನ್ನು ಪಡೆದ ಮೊದಲ ಫಿನ್ನಿಷ್ ಮಹಿಳೆ. ಗುರು ತಾಲ್‌ಗ್ರೆನ್ 1945ರಲ್ಲಿ ತೀರಿಕೊಂಡರು. 1948ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆಗೆ ಶಿಷ್ಯೆ ಬಂದರು. ಇಷ್ಟು ಹೇಳುವಷ್ಟರಲ್ಲಿ ಯಾರಾದರೂ ‘ಮದುವೆ ಆಗಿತ್ತಾ?’ ಅನ್ನುತ್ತಾರೆ. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ. ತಾಲ್‌ಗ್ರೆನ್ ಬಗ್ಗೆ ಒಬ್ಬರೂ ಅದನ್ನು ಕೇಳಿಲ್ಲ.

ಒಬ್ಬರಾದರೂ ‘ಒಂದು ವಸ್ತು ಯಾವ ಕಾಲದ್ದು ಅಂತ ಅವರಿಗೆ ಹೇಗೆ ಗೊತ್ತಾಗ್ತಿತ್ತು?’ ಅಂತ ಕೇಳಬಾರದೇ? ರಾತ್ರಿಯಿಡೀ ಹೇಳುತ್ತೇನೆ.

ಫಿನ್‌ಲೆಂಡಿನ ಮಣ್ಣು ಹುಳಿ ಮಣ್ಣು. ಸುಡದೆ ಹೂತ ಮೂಳೆ ಅದರಲ್ಲಿ ಕರಗಿಯೇ ಹೋಗುತ್ತದೆ. ಕಬ್ಬಿಣ ಯುಗದ ಜನ ಅಲ್ಲಿ ಎಷ್ಟೋ ಕಡೆ ಸತ್ತವರನ್ನು ಸುಟ್ಟು, ಬೂದಿ ಮೂಳೆಗಳನ್ನು ಕಲ್ಲುಗಳ ನಡುವೆ ಚೆಲ್ಲಿಬಿಡುತ್ತಿದ್ದರು. ತಮ್ಮ ಬಗ್ಗೆ ಅವರು ಬರೆದಿಟ್ಟದ್ದೂ ಇಲ್ಲ. ಉಳಿದದ್ದು ಬಟ್ಟೆಗೆ ಚುಚ್ಚುವ ಕಂಚಿನ ಬ್ರೋಚು, ಬಳೆ, ಭರ್ಜಿಯ ಮೊನೆ. ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ಜೊತೆಗೆ ಪರದೇಶದ ನಾಣ್ಯವೇನಾದರೂ ಇತ್ತೇ, ಇಂಥದ್ದೇ ಬ್ರೋಚು ಸ್ವೀಡನ್ನಿನಲ್ಲೋ ಬಾಲ್ಟಿಕ್ ಕರಾವಳಿಯಲ್ಲೋ ಯಾವ ಸಮಾಧಿಯಲ್ಲಿತ್ತು, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಕಿವಿಕೋಸ್ಕಿ ನೋಡಿದರು. ಫಿನ್‌ಲೆಂಡಿನ ಕಬ್ಬಿಣ ಯುಗದ ವಸ್ತುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಚಿತ್ರಸಮೇತ ಎರಡು ಸಂಪುಟ ತಂದರು, 1947 ಮತ್ತು 1951ರಲ್ಲಿ. ಮೊದಲ ಸಂಪುಟ ಬಂದಾಗ, ಹಳೆಯ ಮೂಳೆ, ಇದ್ದಿಲಿನಲ್ಲಿರುವ ಇಂಗಾಲ ಅಳೆದು ಕಾಲ ಹೇಳುವ ರೇಡಿಯೋಕಾರ್ಬನ್ ವಿಧಾನ ಇನ್ನೂ ಬಳಕೆಗೇ ಬಂದಿರಲಿಲ್ಲ.

ಅವರು ಅಗೆಯಲೇ ಇಲ್ಲ ಅಂತಲ್ಲ. ಓಲಂಡ್ ದ್ವೀಪದ ಕ್ವಾರ್ನ್‌ಬಾಕೆನ್ ಸ್ಮಶಾನವನ್ನು ಅಗೆದು, ಅದರ ಮೇಲೆ ಪುಸ್ತಕವನ್ನೇ ಬರೆದರು. ಆದರೆ ಅಗೆದದ್ದಕ್ಕೆ ಅರ್ಥ ಬರುವುದು ಹೀಗೆ ಜೋಡಿಸಿದ ಪಟ್ಟಿಯಿಂದ. ನಾನೂ ಮ್ಯೂಸಿಯಮ್ಮಿನಲ್ಲಿ ವಸ್ತುಗಳಿಗೆ ನಂಬರು ಹಾಕಿ ದಾಖಲೆ ಬರೆಯುವವಳು. ‘ಬರೀ ಪಟ್ಟಿ ತಾನೇ’ ಅಂದರೆ ನನಗೆ ನಿಜಕ್ಕೂ ನೋವಾಗುತ್ತದೆ.

1969ರಲ್ಲಿ ನಿವೃತ್ತರಾದ ಮೇಲೂ ಅವರು ಆ ಪಟ್ಟಿಯನ್ನು ಕೈಬಿಡಲಿಲ್ಲ. ತಿದ್ದಿ, ಹೊಸದಾಗಿ ಸಿಕ್ಕಿದ್ದನ್ನು ಸೇರಿಸಿ, 1973ರಲ್ಲಿ ಜರ್ಮನ್ ಭಾಷೆಯಲ್ಲಿ ಮತ್ತೆ ತಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು.