ನಾಲ್ಕು ಮಂದಿಗೆ ಒಬ್ಬ

ತಂಗಿಯ ಮಗ ರಜೆಗೆ ಬಂದಿದ್ದಾನೆ. ಅಗ್ನಿವೀರ, ನಾಲ್ಕನೇ ವರ್ಷ ನಡೆದಿದೆ. ಮೊನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲಲ್ಲಿ ಸಪ್ಪಳ ಕೇಳಿ ಹೋಗಿ ನೋಡಿದರೆ, ಬಕೆಟ್ಟಿನ ಬಿಸಿನೀರಿಗೆ ಉಪ್ಪು ಹಾಕಿ ಎಡಗಾಲು ಇಳಿಬಿಟ್ಟು ಕೂತಿದ್ದ. ಕಣಕಾಲಿನ ಎಲುಬಿನ ಮೇಲೆ ಒಂದು ಕಡೆ ಬೆರಳು ಒತ್ತಿದರೆ ಸಾಕು, ಹಲ್ಲು ಕಚ್ಚುತ್ತಾನೆ.

“ಯಾವಾಗಿಂದಲೋ ಇದು?”

“ಬರೂಕಿಂತ ಮೊದಲಿಂದ.”

“ಎಂ.ಐ. ರೂಮಿಗೆ, ಪಲ್ಟನ್ನಿನ ದವಾಖಾನಿಗೆ, ಹೋಗಿದ್ದೇನು? ಸುಬೇದಾರ್ ಸಾಹೇಬರಿಗರ ಹೇಳಿದ್ದೇನು?”

ತಲೆ ಎತ್ತದೇ ಅಂದ: “ಮಾಮಾ, ನಾಲ್ಕು ಮಂದಿಗೆ ಒಬ್ಬ.”

ಆ ಮಾತು ಈ ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. 2022ರ ಜೂನ್‌ನಲ್ಲಿ ಅಗ್ನಿವೀರರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಘೋಷಣೆಯಾದಾಗಲೇ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ನಾಲ್ಕು ವರ್ಷ ಸೇವೆ, ಆಮೇಲೆ ಶೇಕಡಾ 25ರವರೆಗೆ ಮಾತ್ರ ಕಾಯಂ, ಉಳಿದವರಿಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಎಂಬ ಒಂದೇ ಗಂಟು. ಪಿಂಚಣಿ ಇಲ್ಲ. ನಮ್ಮ ಕುಂದಗೋಳದ ಕಡೆ ಕಟ್ಟೆಯ ಮೇಲೆ ಕೂತು ನಾವೂ ದುಡ್ಡಿನ ಲೆಕ್ಕವನ್ನೇ ಮಾಡಿದ್ದೆವು. ಅದೇ ಲೆಕ್ಕ ಬ್ಯಾರಕ್ಕಿನೊಳಗೆ ಹೊಕ್ಕು, ಹುಡುಗನೊಬ್ಬ ತನ್ನ ಕಾಲುನೋವನ್ನು ಕಳ್ಳಮಾಲಿನಂತೆ ಬಚ್ಚಿಡುವ ಹಾಗೆ ಮಾಡುತ್ತದೆಂದು ಆಗ ಯಾರೂ ಮಾತಾಡಿದ್ದು ನೆನಪಿಲ್ಲ.

ಬೆಳಿಗ್ಗೆ ಕಾಕಾ ಬಂದರು. ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು, ಮಾತು ಕಡಿಮೆ. ಹುಡುಗನ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಹೆಬ್ಬೆರಳಿನಿಂದ ಎಲುಬಿನುದ್ದಕ್ಕೂ ಒತ್ತುತ್ತಾ ಹೋದರು. ನೋವಿದ್ದ ಕಡೆ ಬಂದಾಗ ಬೆರಳು ನಿಲ್ಲಿಸಿ, ತಮ್ಮ ಕಾಲದ ಸಂಗತಿಯೊಂದನ್ನು ಹೇಳಿದರು.

ಪಲ್ಟನ್ನಿಗೆ ಹೋದ ಹೊಸದರಲ್ಲಿ ಅವರಿಗೆ ಸಂಜೆಯಾದರೆ ಕಣ್ಣು ಮಂಜಾಗುತ್ತಿತ್ತಂತೆ. ರಾತ್ರಿ ಪಹರೆಯಲ್ಲಿ ಎದುರಿಗಿರುವುದು ಗಿಡವೋ ಮನುಷ್ಯನೋ ತಿಳಿಯುತ್ತಿರಲಿಲ್ಲ. ಒಂದು ದಿನ ಕಂಪನಿ ಕಮಾಂಡರ್ ಮುಂದೆ ನಿಂತು ಹೇಳಿಬಿಟ್ಟರು. ಆ ಮೇಜರ್ ಬೈಯಲಿಲ್ಲ. ಆಸ್ಪತ್ರೆಗೆ ಕಳಿಸಿ, ಕಣ್ಣು ಸರಿಯಾಗುವ ತನಕ ಹಗಲಿನ ಕೆಲಸ ಹಚ್ಚಿ, ತಿಂಗಳೊಪ್ಪತ್ತಿನ ಮೇಲೆ ತಾವೇ ಫೈರಿಂಗ್ ರೇಂಜಿಗೆ ಕರೆದೊಯ್ದು ಪಕ್ಕದಲ್ಲಿ ಮಲಗಿ ಗುಂಡು ಹೊಡೆಸಿದರು. “ಅವತ್ತ ಹೇಳದಿದ್ರ ಯಾರನ್ನರ ಕೊಲ್ಲಿಸ್ತಿದ್ದೆ ತಮ್ಮಾ,” ಅಂದರು ಕಾಕಾ. “ಆ ಸಾಹೇಬ್ರು ಇರೂತನಕ ಪಲ್ಟನ್ ಬಿಡೂ ವಿಚಾರ ತಲ್ಯಾಗ ಬರಲಿಲ್ಲ. ಅವರು ಹೋದಮ್ಯಾಲೆ ಬಿಡೂಕ ಮನಸ್ಸಾಗಲಿಲ್ಲ.”

ಸೈನಿಕ ಸೈನ್ಯದಲ್ಲಿ ಉಳಿಯುವುದು ಹೀಗೇ ಎಂದು ನಾನು ಗಟ್ಟಿಯಾಗಿ ನಂಬಿದವನು. ಸಂಬಳ ಮನೆಗೆ ಬೇಕು. ಆದರೆ ಚಳಿಯಲ್ಲಿ, ಹಿಮದಲ್ಲಿ ಮನುಷ್ಯನನ್ನು ನಿಲ್ಲಿಸುವುದು ಮೇಲಿನವನ ಮೇಲಿನ ಭರವಸೆ. ನಮ್ಮ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ತಮ್ಮ 13 ವರ್ಷದ ಸೇವೆಯಲ್ಲಿ 10 ವರ್ಷ ಕಠಿಣ ಜಾಗಗಳಲ್ಲೇ ಕಳೆದರು, ಕೆಲವನ್ನು ತಾವಾಗಿ ಕೇಳಿ ಹೋದರು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಹುದುಗಿದ್ದು ಜೀವಂತ ಸಿಕ್ಕು, ದಿಲ್ಲಿಯಲ್ಲಿ ತೀರಿಕೊಂಡರು. ಅಂಥ ಜಾಗವನ್ನು ಯಾರೂ ಕಾಯಂ ಆಗುವ ಅಂಕಕ್ಕಾಗಿ ಕೇಳಿಕೊಳ್ಳುವುದಿಲ್ಲ.

ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯನ್ನು 1932ರಲ್ಲಿ ಉದ್ಘಾಟಿಸಿದಾಗ ಆಗಿನ ಸೇನಾ ಮುಖ್ಯಸ್ಥ ಚೆಟ್‌ವುಡ್ ಹೇಳಿದ ಮಾತು ಇಂದಿಗೂ ಅಲ್ಲಿನ ಗೋಡೆಯ ಮೇಲಿದೆ. ಮೊದಲು ದೇಶ, ಆಮೇಲೆ ನಿನ್ನ ಕೈಕೆಳಗಿನವರ ಮಾನ, ಕ್ಷೇಮ, ಸೌಖ್ಯ, ನಿನ್ನದು ಯಾವಾಗಲೂ ಕಡೆಗೆ. ಅದನ್ನು ಓದಿ ಹೊರಬರುವ ಅಧಿಕಾರಿ ಈಗ ತನ್ನ ಹುಡುಗರ ಪೈಕಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂಬುದಕ್ಕೆ ಅಭಿಪ್ರಾಯವನ್ನೂ ಕೊಡಬೇಕು. ಕಾಯುವವನೂ ಅವನೇ, ಅಳೆಯುವವನೂ ಅವನೇ. ಅಂಥವನ ಮುಂದೆ ಕಾಲು ನೋಯುತ್ತದೆ ಎಂದು ಯಾವ ಹುಡುಗ ಬಾಯಿ ಬಿಟ್ಟಾನು?

ಜತೆಗಾರರದೂ ಇದೇ ಪಾಡು. ಪಕ್ಕದ ಮಂಚದ ಹುಡುಗನಿಗೆ ಬೆನ್ನುನೋವಂತೆ. “ಅಂವ ನನಗ ಹೇಳ್ಯಾನ. ನಾ ಅಂವಗ ಹೇಳಿಲ್ಲ,” ಅಂದ ನಮ್ಮವನು. ಹಾಗೆ ಹೇಳುವಾಗ ಅವನ ಮುಖ ನೋಡಲು ನನಗೆ ಆಗಲಿಲ್ಲ. ನಾಳೆ ಗುಂಡಿನ ಮಳೆಯಲ್ಲಿ ಒಬ್ಬರನ್ನೊಬ್ಬರು ಹೊತ್ತು ತರಬೇಕಾದವರು ಇವರು. ನಾಲ್ಕು ಮಂದಿಗೆ ಒಬ್ಬ.

ಹುಬ್ಬಳ್ಳಿಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದೆವು. ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು, ಆರು ವಾರ ಓಡಬಾರದು ಅಂದರು ಡಾಕ್ಟರು. ಪಲ್ಟನ್ನಿನಲ್ಲಿ ಓಟದ ಪರೀಕ್ಷೆ ಅದಕ್ಕಿಂತ ಮೊದಲೇ ಇದೆ. ರಿಪೋರ್ಟ್ ಇಲ್ಲೇ ಇಟ್ಟು ಹೋಗುತ್ತೇನೆಂದು ಹಟ ಹಿಡಿದ. ಕಾಕಾ ಬಿಡಲಿಲ್ಲ, ತಮ್ಮೆದುರೇ ಫೋನು ಮಾಡಿಸಿದರು. ಅತ್ತ ಕಡೆಯ ಸುಬೇದಾರ್ ಸಾಹೇಬರು ಕೇಳಿದ್ದು ಒಂದೇ: “ಪೆಹಲೇ ಕ್ಯೋಂ ನಹೀಂ ಬತಾಯಾ, ಬೇಟಾ?” ಮೊದಲೇ ಯಾಕೆ ಹೇಳಲಿಲ್ಲ ಮಗಾ, ಅಂತ. ರಿಪೋರ್ಟ್ ತೆಗೆದುಕೊಂಡು ಬಾ, ಬಂದ ದಿನವೇ ಆಸ್ಪತ್ರೆಗೆ ಹೋಗೋಣ ಅಂದರು.

ಒಳ್ಳೆಯ ಮನುಷ್ಯ, ದನಿಯಲ್ಲೇ ಗೊತ್ತಾಯಿತು. ನನ್ನನ್ನು ಹೆಚ್ಚು ಕಾಡಿದ್ದು ಅದೇ. ಕೆಟ್ಟವನಿಗೆ ಹೆದರಿ ಮುಚ್ಚಿಟ್ಟಿದ್ದರೆ ಅವನನ್ನು ಬೈದು ಸುಮ್ಮನಾಗಬಹುದಿತ್ತು. ಬೇಟಾ ಎಂದು ಕರೆಯುವವರಿಂದಲೂ ಹುಡುಗ ಮುಚ್ಚಿಟ್ಟ. ಶೇಕಡಾವಾರು ಹೆಚ್ಚಿಸುವುದು ಸರ್ಕಾರದ ಕೈಯಲ್ಲಿದೆ, ಹೆಚ್ಚಿಸಲೇಬೇಕು. ಅಲ್ಲಿಯ ತನಕ ಪಲ್ಟನ್ನಿನ ಮುಖ್ಯಸ್ಥರಾದ ಸಿ.ಓ. ಒಬ್ಬರು ಎಲ್ಲ ಸೈನಿಕರು ಸೇರುವ ಸೈನಿಕ ಸಮ್ಮೇಳನದಲ್ಲಿ ಎದ್ದುನಿಂತು, ಪೆಟ್ಟಾಗಿದೆ ಎಂದು ಹೇಳಿಕೊಂಡವನ ಅಂಕ ಕಡಿಯುವುದಿಲ್ಲ, ವಾಸಿಯಾದ ಮೇಲೆ ಇನ್ನೊಮ್ಮೆ ಓಡಿಸುತ್ತೇವೆ ಎಂದು ಎಲ್ಲರೆದುರು ಮಾತು ಕೊಟ್ಟರೂ ಎಷ್ಟೋ ಹುಡುಗರು ಉಸಿರು ಬಿಟ್ಟಾರು.

ಕಾಕಾ ಅದನ್ನೇ ಬೇಡಿಕೆಯಾಗಿ ಹಿಂದಿಯಲ್ಲಿ ಬರೆದುಕೊಟ್ಟಿದ್ದಾರೆ, ಕೆಳಗೆ ತಮ್ಮ ಹಳೆಯ ಸೈನಿಕ ನಂಬರ್ ಹಾಕಿ. ಎಕ್ಸ್‌ರೇ ಜೊತೆ ಅದನ್ನೂ ಒಯ್ಯುತ್ತೇನೆಂದು ಹುಡುಗ ಒಪ್ಪಿದ್ದಾನೆ. ಪಕ್ಕದ ಮಂಚದವನಿಗೂ ನಿನ್ನೆ ಫೋನು ಮಾಡಿ ಹೇಳಿದನಂತೆ.