ಬಾಟಲಿಯೊಳಗಿನ ಮೋಡ: ಮೂರನೆಯ ವಾರ

ಮಂಡ್ಯದ ನಮ್ಮ ಮನೆಯ ಹಿತ್ತಿಲ ಕೋಣೆಯಲ್ಲಿ ನಡೆಯುತ್ತಿರುವ ಈ ಪ್ರಯೋಗದ ಉದ್ದೇಶ ಇಷ್ಟೇ: ನೀರಿನ ಪ್ರಮಾಣ ಅಷ್ಟೇ ಇದ್ದು ಹನಿಗಳು ಮಾತ್ರ ಕಿರಿದಾದಾಗ ಮೋಡ ಹೆಚ್ಚು ಬೆಳ್ಳಗಾಗುವುದನ್ನು ಅಳೆದು ನೋಡುವುದು. ಶಾನ್ ಟೂಮಿ ಎಂಬ ವಿಜ್ಞಾನಿ 1974ರಲ್ಲಿ ಈ ಬಗ್ಗೆ ಬರೆದುದರಿಂದ ಇದಕ್ಕೆ ಟೂಮಿ ಪರಿಣಾಮವೆಂಬ ಹೆಸರಿದೆ.

ಸಕ್ಕರೆ ನಾಡಿನವರಿಗೆ ಇದು ಹೊಸದೇನಲ್ಲ. ಗಾಜಿನಂತಿರುವ ಕಲ್ಲುಸಕ್ಕರೆಯನ್ನು ಕುಟ್ಟಿದರೆ ಅಚ್ಚ ಬಿಳಿಯ ಪುಡಿಯಾಗುತ್ತದೆ. ವಸ್ತು ಅದೇ, ಬೆಳಕು ಚದುರುವ ಮೇಲ್ಮೈ ಮಾತ್ರ ಹೆಚ್ಚಿತು. ಹಾಗೆಯೇ ಹನಿಯ ತ್ರಿಜ್ಯ ಅರ್ಧವಾದರೆ ಅಷ್ಟೇ ನೀರಿಗೆ 8 ಪಟ್ಟು ಹನಿಗಳು, 2 ಪಟ್ಟು ಮೇಲ್ಮೈ. ಚದರ ಮೀಟರಿಗೆ 100 ಗ್ರಾಂ ನೀರಿರುವ ಮೋಡದಲ್ಲಿ ಹನಿಗಳ ತ್ರಿಜ್ಯ 10 ಮೈಕ್ರೋಮೀಟರ್ ಇದ್ದರೆ, ರೂಢಿಯ ಸರಳ ಸೂತ್ರದಂತೆ ಸುಮಾರು ಶೇ. 66ರಷ್ಟು ಬೆಳಕು ಹಿಂದಿರುಗುತ್ತದೆ. 5 ಆದರೆ ಶೇ. 80. ಮೇಲ್ಮೈ ಇಮ್ಮಡಿಯಾದರೂ ಬಿಳುಪು ಇಮ್ಮಡಿಯಾಗದು.

ಮೊದಲ ವಾರ ನಾನು ಮೋಸಹೋದೆ. ತಳದಲ್ಲಿ ಸ್ವಲ್ಪ ನೀರಿಟ್ಟ ಬಾಟಲಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ ಮುಚ್ಚಳ ತೆರೆದಾಗ ಮೋಡವೇನೋ ತೆಳುವಾಗಿ ಮೂಡಿತು. ಅಗರಬತ್ತಿಯ ಹೊಗೆಯನ್ನು ಸೇರಿಸಿದಾಗ ಹಾಲಿನಂತೆ ದಟ್ಟವಾಯಿತು. ಹೊಗೆಯ ಕಣಗಳ ಮೇಲೆ ಆವಿ ಹಂಚಿಹೋಗಿ ಹನಿಗಳು ಸಣ್ಣಗಾದವೆಂದು ಹಿಗ್ಗಿದೆನಾದರೂ ಹೊಗೆಗೇ ತನ್ನದೊಂದು ಬಿಳುಪಿದೆಯೆಂಬುದು ಹೊಳೆಯಲಿಲ್ಲ. ಈಗ ಕಪ್ಪು ಕಾಗದದ ಮುಂದೆ ಬಾಟಲಿಯಿಟ್ಟು, ಮುಚ್ಚಳ ತೆರೆಯುವ ಮುನ್ನ ಒಮ್ಮೆ, ತೆರೆದೊಡನೆ ಒಮ್ಮೆ ಎಲ್‌ಡಿಆರ್‌ನಿಂದ (ಬೀಳುವ ಬೆಳಕಿಗೆ ತಕ್ಕಂತೆ ವಿದ್ಯುತ್ ತಡೆ ಬದಲಾಗುವ ಪುಟ್ಟ ಬಿಡಿಭಾಗ) ಬೆಳಕನ್ನು ಅಳೆದು, ವ್ಯತ್ಯಾಸವನ್ನಷ್ಟೇ ಬರೆದುಕೊಳ್ಳುತ್ತಿದ್ದೇನೆ. ಹೊಗೆಯಿಲ್ಲದ ಬಾಟಲಿಯಲ್ಲಿ ದೊಡ್ಡ ಹನಿಗಳು ಬೇಗ ಕೆಳಗಿಳಿಯುವುದರಿಂದ ತಡಮಾಡಿದರೆ ಅಳತೆ ಕೆಡುತ್ತದೆ.

ಹನಿಯ ಗಾತ್ರಕ್ಕೆ ಕೆಂಪು ಲೇಸರ್ ನೆರವಾಯಿತು. ಮೋಡದ ಮೂಲಕ ಹಾಯ್ದ ಕಿರಣ 1 ಮೀಟರ್ ದೂರದ ಗೋಡೆಯ ಮೇಲೆ ಉಂಗುರ ಬಿಡಿಸುತ್ತದೆ: ಹನಿಯ ವ್ಯಾಸ 20 ಮೈಕ್ರೋಮೀಟರ್ ಆದರೆ ಮೊದಲ ಕಪ್ಪು ಉಂಗುರದ ತ್ರಿಜ್ಯ ಸುಮಾರು 4 ಸೆಂಟಿಮೀಟರ್, 10 ಆದರೆ ಸುಮಾರು 8. (ನೋಡಬೇಕಾದುದು ಗೋಡೆಯನ್ನು, ಕಿರಣವನ್ನಲ್ಲ.) ಹೊಗೆ ಸೇರಿದಾಗ ಉಂಗುರ ಹಿಗ್ಗಿದ್ದು ನಿಜ, ಆದರೆ ಅಂಚು ಮಸುಕು, ಹನಿಗಳು ಒಂದೇ ಗಾತ್ರದವಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಮುಂದಿನ ವಾರಕ್ಕೆಂದು ಊರಾಚೆಯ ಆಲೆಮನೆಯ ಹೊಗೆಯನ್ನು ಒಂದು ಬಾಟಲಿಯಲ್ಲಿ ಹಿಡಿದು ತಂದಿದ್ದೇನೆ. ಅದರ ಮಸಿ ಬೆಳಕನ್ನು ಹೀರುವುದರಿಂದ ಆ ಅಳತೆಗಳನ್ನು ಅಗರಬತ್ತಿಯವುಗಳೊಂದಿಗೆ ಸೇರಿಸದೆ ಬೇರೆ ಪುಟದಲ್ಲಿ ಬರೆಯುತ್ತೇನೆ.